ಲಿಂಕು ಹಚ್ಚಿದವರೇ ಈಗ ತೆಗೆಯೋಕೂ ದುಡ್ಡು ಕೇಳ್ತಾರೆ

ಹುಬ್ಬಳ್ಳಿಯಿಂದ ಬ್ಯಾಡಗಿ ಮುಟ್ಟುವವರೆಗೂ ನಾನು ಬಾಯಿ ಬಿಡಲಿಲ್ಲ. ಕಾಕಾ ಮಾತ್ರ ದಾರಿಯುದ್ದಕ್ಕೂ "ಹೋಗ್ಲಿ ಬಿಡವಾ" ಅನ್ನುತ್ತಲೇ ಇದ್ದರು. ಏನು ಹೋಗ್ಲಿ? ಗೂಗಲ್ ಹುಡುಕಾಟದಲ್ಲಿ ಮೇಲೆ ತರ್ತೀನಿ ಅಂತ ನಮ್ಮ ಮೆಣಸಿನಪುಡಿಯ ಸೈಟಿಗೆ ಕಂಡಕಂಡಲ್ಲಿಂದ ಲಿಂಕು ಹಚ್ಚಿದ್ದು ಹುಬ್ಬಳ್ಳಿಯ ಆ ಏಜೆನ್ಸಿಯವನು. ಈಗ ಅವನ್ನ ತೆಗೆಯೋಕೆ ಬೇರೆ ಪ್ಯಾಕೇಜ್ ಅಂತೆ!

ಸೈಟಿನವರಿಗೆ ಅಂತ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಬಂದ, ಲಿಂಕು ಸರಿಯಿಲ್ಲ ಅನ್ನುವ ನೋಟಿಸು, ಲಿಂಕುಗಳ ಪಟ್ಟಿ, ಎರಡನ್ನೂ ಪ್ರಿಂಟ್ ತೆಗೆಸಿಕೊಂಡು ಅವನ ಆಫೀಸಿಗೆ ಹೋಗಿದ್ದೆ. ಟೇಬಲ್ ಮೇಲಿಟ್ಟು ಒಂದೇ ಪ್ರಶ್ನೆ ಕೇಳಿದೆ. "ಇವು ದುಡ್ಡು ಕೊಟ್ಟು ಹಾಕಿಸಿದ ಲಿಂಕು ಅಲ್ವಾ? ಸ್ಪಾನ್ಸರ್ಡ್ ಅಂತನೋ ನೋಫಾಲೋ ಅಂತನೋ ಗುರುತು ಯಾಕೆ ಹಾಕಿಲ್ಲ?" ಈ ಲಿಂಕನ್ನ ರ‍್ಯಾಂಕಿಂಗ್ ಲೆಕ್ಕಕ್ಕೆ ಹಿಡಿಯಬೇಡ ಅಂತ ಗೂಗಲ್‌ಗೆ ಹೇಳುವ ಗುರುತುಗಳು ಅವು.

ಅವನು ಹಾಳೆ ಮುಟ್ಟಲೂ ಇಲ್ಲ. ಕುರ್ಚಿಯನ್ನು ಕಾಕಾ ಕಡೆ ತಿರುಗಿಸಿದ. "ಕಾಕಾರ, ಇದು ಟೆಕ್ನಿಕಲ್ ಐತ್ರಿ. ಅಕ್ಕಾರು ಮೆಣಸಿನಕಾಯಿ ನೋಡ್ಕೊಳ್ಳಲಿ, ಗೂಗಲ್ ನಾವು ನೋಡ್ಕೋತೀವಿ" ಅಂದ. ಹಿಂದೆ ಕೂತಿದ್ದ ಹುಡುಗರು ಕಿಸಕ್ಕನೆ ನಕ್ಕರು. ನಾನು ಮತ್ತೆ ಕೇಳಿದೆ. "ಚಹಾ ತಗೊಳ್ರಿ" ಅಂತ ಕಪ್ಪನ್ನು ತಂದು ನನ್ನ ಪಟ್ಟಿಯ ಮೇಲೇ ಇಟ್ಟ. ಆ ಹಾಳೆಯ ಮೇಲೆ ಕಪ್ಪಿನ ಗುಂಡು ಕಲೆ ಹಾಗೇ ಇದೆ. ಕಾಕಾ ಚಹಾ ಕುಡಿದರು. ಅದೇ ನನಗೆ ಹೆಚ್ಚು ಉರಿದದ್ದು.

ಇದೇನು ಯಾರಿಗೂ ಗೊತ್ತಿಲ್ಲದ ವಿದ್ಯೆನಾ? ಕಾಮೆಂಟುಗಳಲ್ಲಿ ಲಿಂಕು ತುರುಕುವವರ ಕಾಟ ತಡೆಯೋಕೆ ಅಂತಲೇ 2005ರಲ್ಲಿ ನೋಫಾಲೋ ಬಂತು. 2019ರಲ್ಲಿ ದುಡ್ಡಿನ ಲಿಂಕಿಗೆ ಸ್ಪಾನ್ಸರ್ಡ್, ಓದುಗರು ಹಾಕಿದ್ದಕ್ಕೆ ಯುಜಿಸಿ ಅಂತ ಬೇರೆ ಬೇರೆ ಗುರುತು ಬಂದವು. ದುಡ್ಡು ಕೊಟ್ಟು ಜಾಹೀರಾತು ಹಾಕಿಸಿದರೆ ತಪ್ಪಿಲ್ಲ. ಗುರುತು ಹಾಕದೆ, ರ‍್ಯಾಂಕಿಂಗ್ ಏರಿಸೋಕೆ ಅಂತ ಲಿಂಕು ಕೊಳ್ಳುವುದು ತಪ್ಪು. ಇದು ಗೂಗಲ್‌ನ ನಿಯಮದಲ್ಲೇ ಇದೆ. ಗೂಗಲ್ 2012ರಲ್ಲಿ ತನ್ನ ಹುಡುಕಾಟದ ಲೆಕ್ಕ ಬದಲಿಸಿದ ಪೆಂಗ್ವಿನ್ ಅಪ್‌ಡೇಟ್‌ನಲ್ಲಿ ಇಂಥ ಲಿಂಕಿನ ಮೇಲೆ ನಿಂತ ಎಷ್ಟೋ ಸೈಟುಗಳು ನೆಲ ಕಚ್ಚಿದವು. ಮತ್ತೆ ಅದೇ ಸರಕನ್ನ ಈಗಲೂ ಮಾರುತ್ತಾರಲ್ಲ!

ಆ ಪಟ್ಟಿ ನೋಡಿದರೆ ಹೊಟ್ಟೆ ಉರಿಯುತ್ತದೆ. ಜೂಜಿನ ಸೈಟು. ಟೈರ್ ಅಂಗಡಿಯ ಪುಟ. ಯಾರದೋ ಪ್ರವಾಸದ ಬರಹದ ಕೆಳಗೆ "ನೈಸ್ ಪೋಸ್ಟ್ ಸರ್" ಅಂತ ಬರೆದು ನಮ್ಮ ಲಿಂಕು. ಎಲ್ಲ ಕಡೆ ಅವವೇ ಪದಗಳು, "ಬೆಸ್ಟ್ ಬ್ಯಾಡಗಿ ಚಿಲ್ಲಿ ಪೌಡರ್ ಆನ್‌ಲೈನ್". ಬ್ಯಾಡಗಿ ಚೀಲಕ್ಕೆ ಬೇರೆ ಕಾಯಿ ಸುರಿದು ತೂಕ ತೋರಿಸಿದ ಹಾಗೆ. "ಡೊಮೇನ್ ಅಥಾರಿಟಿ ಏರೈತಿ ನೋಡ್ರಿ" ಅಂತ ಕಾಕಾಗೆ ನಂಬರ್ ಬೇರೆ ತೋರಿಸಿದ. ಅದು ಸೈಟು ಎಷ್ಟು ಮೇಲೆ ಬರಬಹುದು ಅಂತ ಮಾಝ್ ಅನ್ನೋ ಕಂಪನಿ ಹಾಕುವ ಅಂದಾಜಿನ ಲೆಕ್ಕ. ಗೂಗಲ್‌ನದಲ್ಲ.

ಇಷ್ಟೇ ಆಗಿದ್ದರೆ ಸುಮ್ನಿರುತ್ತಿದ್ದೆನೇನೋ. ಅಡುಗೆ ಬರೆಯುವ ಅಕ್ಕ ಒಬ್ಬರು ತಮ್ಮ ಸಾರಿನ ಪುಡಿಯ ಬರಹದಲ್ಲಿ, ಯಾರೂ ಕೇಳದೆ, ಬಣ್ಣ ಚೆನ್ನಾಗಿ ಬರುತ್ತೆ ಅಂತ ನಮ್ಮ ಪುಡಿಗೆ ಲಿಂಕು ಕೊಟ್ಟಿದ್ದರು. ಅಲ್ಲಿಂದ ಜನ ಬಂದು ಪುಡಿ ಕೊಳ್ಳುತ್ತಿದ್ದರು. ಈ ಏಜೆನ್ಸಿಯವರು ನಮ್ಮ ಹೆಸರಿನಲ್ಲಿ ಆಕೆಗೆ ಮೇಲ್ ಹಾಕಿ, ದುಡ್ಡು ಕೊಡ್ತೀವಿ, ಲಿಂಕಿನ ಪದ ಬದಲಾಯಿಸಿ ಅಂದಿದ್ದಾರೆ. ಆಕೆ ಬೇಜಾರಾಗಿ ಲಿಂಕನ್ನೇ ತೆಗೆದರು. ಆ ಕಸವನ್ನೆಲ್ಲ ಗುಡ್ಡೆ ಹಾಕಿದರೂ ಆ ಒಂದು ಲಿಂಕಿಗೆ ಸಮ ಆಗುತ್ತಾ? ಯಾರಾದರೂ ಹೇಳಿ. ನಾನು ಆಕೆಗೆ ಯಾವ ಮುಖ ಇಟ್ಟುಕೊಂಡು ಬರೀಲಿ?

ಹೋಗ್ಲಿ, ಬೈದರೆ ಏನೂ ವಾಪಸ್ ಬರಲ್ಲ. ಲಿಂಕು ಹಾಕಿದ ಸೈಟಿನವರಿಗೆಲ್ಲ ಬರೆದು, ತೆಗೆಸಲು ಆಗುವಷ್ಟು ತೆಗೆಸಬೇಕು. ಉಳಿದದ್ದನ್ನು, ಇವನ್ನ ಲೆಕ್ಕಕ್ಕೆ ಹಿಡಿಯಬೇಡಿ ಅಂತ ಗೂಗಲ್‌ಗೆ ಕೊಡುವ ಡಿಸ್‌ಅವೌ ಫೈಲಿಗೆ ಹಾಕಬೇಕು. ಆಮೇಲೆ ಮರುಪರಿಶೀಲನೆಗೆ ಅರ್ಜಿ ಕೊಡಬೇಕು. ನಾನೇ ಮಾಡ್ತೀನಿ.

ಆದರೂ ತಡೆಯೋಕಾಗ್ತಿಲ್ಲ. ಡಿಸ್‌ಅವೌ ಅಂದರೆ ಬರೀ ಒಂದು ಟೆಕ್ಸ್ಟ್ ಫೈಲು ಕಣ್ರಿ! ಗೂಗಲ್ ಅದಕ್ಕೆ ಒಂದು ಪೈಸೆ ತೆಗೆದುಕೊಳ್ಳಲ್ಲ. ಇವನು ಅದಕ್ಕೆ ರೇಟು ಹೇಳ್ತಾನೆ. ಬಿಲ್ಕುಲ್ ಕೊಡಬೇಡಿ ಅಂತ ಕಾಕಾಗೆ ಸಾರಿ ಸಾರಿ ಹೇಳಿದ್ದೆ. ಈಗಷ್ಟೇ ಫೋನ್ ಮಾಡಿದ್ದರು. ಅಡ್ವಾನ್ಸ್ ಕಳಿಸಿಬಿಟ್ಟಿದ್ದಾರಂತೆ.