ಬಗ್ಗದ ಮೊಣಕಾಲು

ಇದನ್ನು ನಾನು ಎರಡು ದಿಂಬುಗಳ ಮೇಲೆ ಕುಳಿತು ಬರೆಯುತ್ತಿದ್ದೇನೆ. ಕಾರಣವನ್ನು, ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಮೇಲೆ ಜಾರುವ ಸ್ನೋಬೋರ್ಡ್ ಆಟವನ್ನು ಕಲಿಯುತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಡಿದಾದ ಇಳಿಜಾರನ್ನು ಹೇಗೋ ದಾಟಿ ಬಂದ ನಾನು, ಇಂದು ಬೆಳಿಗ್ಗೆ ಜನರನ್ನು ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟಿನ ಬಳಿಯ ಸಮತಟ್ಟು ಜಾಗದಲ್ಲಿ, ಸರದಿಯಲ್ಲಿ ನಿಂತಿದ್ದ ಅಷ್ಟೂ ಜನರ ಕಣ್ಣೆದುರು, ಬುಡ ಕಡಿದ ಬಾಳೆಗಿಡದಂತೆ ಹಿಂದಕ್ಕೆ ಉರುಳಿದೆ. ಬೋರ್ಡು ಮಟ್ಟಸವಾಗಿ ಜಾರುತ್ತಿರುವಾಗ ಇಳಿಜಾರಿನ ಕೆಳಬದಿಗಿರುವ ಅದರ ಉಕ್ಕಿನ ಅಂಚು ಹಿಮವನ್ನು ಕಚ್ಚಿಕೊಂಡರೆ ಬೋರ್ಡು ನಿಲ್ಲುತ್ತದೆ, ಮೇಲಿರುವ ದೇಹ ನಿಲ್ಲುವುದಿಲ್ಲ.

ನಮ್ಮ ತರಬೇತುದಾರರ ಬಳಿ ಸಕಲ ರೋಗಕ್ಕೂ ಒಂದೇ ಮದ್ದು: “ಮೊಣಕಾಲು ಬಗ್ಗಿಸಿ.” ಬಿದ್ದರೂ ಮೊಣಕಾಲು, ಬೀಳದಿದ್ದರೂ ಮೊಣಕಾಲು, ಕೈಗವಸು ಕಳೆದುಹೋಯಿತೆಂದು ಹೇಳಿದಾಗಲೂ ಅವರು ಮೊದಲು ನೋಡಿದ್ದು ನನ್ನ ಮೊಣಕಾಲನ್ನೇ. ಬಗ್ಗಿಸಿಯೇ ಇದ್ದೇನೆಂದು ನಾನು ವಾದಕ್ಕಿಳಿದಾಗ ಅವರು ಮಾತನಾಡದೆ ಫೋನಿನಲ್ಲಿ ವಿಡಿಯೊ ತೋರಿಸಿದರು. ಮೊಣಕಾಲುಗಳು ಬಿದಿರುಗಳದಂತೆ ನೆಟ್ಟಗಿದ್ದವು. ಬಗ್ಗಿದ್ದು ಸೊಂಟ ಮಾತ್ರ. ಮುಂದೆ ಬಿದ್ದ ನಾಣ್ಯವನ್ನು ಹುಡುಕುತ್ತಲೇ ಹಿಂದೆ ಇಲ್ಲದ ಕುರ್ಚಿಯಲ್ಲಿ ಕೂರಲು ಹೊರಟವನ ಭಂಗಿ ಅದು. ಟೋ ಅಂಚಿಗೆ, ಅಂದರೆ ಬೋರ್ಡಿನ ಕಾಲ್ಬೆರಳ ಬದಿಯ ಅಂಚಿಗೆ, ಬರುವಾಗ ಕಣಕಾಲಿನ ಮುಂಭಾಗವನ್ನು ಬೂಟಿನ ನಾಲಗೆಗೆ ಒತ್ತಬೇಕು, ಹಿಮ್ಮಡಿ ಬದಿಯ ಹೀಲ್ ಅಂಚಿಗೆ ಬರುವಾಗ ಬೂಟಿನೊಳಗೇ ಕಾಲ್ಬೆರಳುಗಳನ್ನು ಮೇಲೆತ್ತಬೇಕು. ಪಾದದ ಕೀಲು ಸದ್ದಿಲ್ಲದೆ ಮಾಡಬೇಕಾದ ಈ ಕೆಲಸವನ್ನು ನಾನು ಗಾಳಿಯಲ್ಲಿ ಬೀಸುವ ಎರಡು ಕೈಗಳಿಗೆ ವಹಿಸಿಬಿಟ್ಟಿದ್ದೆ.

1965ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಶರ್ಮನ್ ಪಾಪೆನ್ ಎಂಬವರು ತಮ್ಮ ಹೆಣ್ಣುಮಕ್ಕಳಿಗೆ ಎರಡು ಸ್ಕೀಗಳನ್ನು ಜೋಡಿಸಿ ಆಟಿಕೆಯೊಂದನ್ನು ಮಾಡಿಕೊಟ್ಟರು. ಅದರಿಂದ ಹುಟ್ಟಿದ, ಇಂದಿನ ಸ್ನೋಬೋರ್ಡಿನ ಪೂರ್ವಜನೆನಿಸಿದ ಸ್ನರ್ಫರ್‌ಗೆ ಉಕ್ಕಿನ ಅಂಚೂ ಇರಲಿಲ್ಲ, ಕಾಲನ್ನು ಬಿಗಿಯುವ ಪಟ್ಟಿಯೂ ಇರಲಿಲ್ಲ. ಮೂತಿಗೆ ಕಟ್ಟಿದ ಹಗ್ಗವೊಂದಿತ್ತು. ಅಂಚಿನ ಚಿಂತೆಯಿಲ್ಲದೆ ಜಾರಿ, ಬಿದ್ದು, ನಕ್ಕು, ಮತ್ತೆ ಹತ್ತಿರಬಹುದಾದ ಆ ಮಕ್ಕಳನ್ನು ನೆನೆದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ.

ಮಧ್ಯಾಹ್ನ ಮಾತ್ರ ಒಂದೇ ಒಂದು ತಿರುವು ಕೂಡಿಬಂತು. ಬೋರ್ಡು ಹಿಮವನ್ನು ಕೆರೆಯಲಿಲ್ಲ, ಸೀಳಿಕೊಂಡು ಸಾಗಿತು. ಹಿಂದೆ ಪೆನ್ಸಿಲಿನಿಂದ ಎಳೆದಂಥ ಗೆರೆ ಮೂಡಿರಬೇಕೆಂದು, ಅದನ್ನೊಮ್ಮೆ ಕಣ್ತುಂಬ ನೋಡುವ ಆಸೆಯಿಂದ ಕತ್ತು ಹೊರಳಿಸಿದೆ. ಕತ್ತಿನ ಹಿಂದೆ ಭುಜ, ಭುಜದ ಹಿಂದೆ ಸೊಂಟ, ಸೊಂಟದ ಹಿಂದೆ ಬೋರ್ಡು ಹೊರಟಿತು. ಬಿದ್ದಲ್ಲಿಂದ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು: ನಾಲ್ಕು ಮಾರು ಉದ್ದ, ಕೊನೆಯಲ್ಲಿ ನನ್ನದೇ ಗಾತ್ರದ ಗುಂಡಿ. ತರಬೇತುದಾರರು ಜಾರಿ ಬಂದು ಎರಡನ್ನೂ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ, ಮಲಗಿದ್ದಲ್ಲೇ, ನಾನು ಮೊಣಕಾಲು ಬಗ್ಗಿಸಿದೆ.