ಕೆಂಚನ ಕಿವಿ, ಅಮ್ಮನ ಬೆರಳು

ಕೆಂಪು ಮುಚ್ಚಳದ ಇನ್ಸುಲಿನ್ ಸಿರಿಂಜ್ 40 ಯುನಿಟ್‌ನದು. ಕಿತ್ತಳೆ ಮುಚ್ಚಳದ್ದು 100 ಯುನಿಟ್‌ನದು. ಅಂದರೆ ಒಂದು ಎಂಎಲ್ ಔಷಧಿಯಲ್ಲಿ ಅಷ್ಟು ಯುನಿಟ್ ಇನ್ಸುಲಿನ್ ಇರುವ ಬಾಟಲಿಗೆ ಅಂತ ಮಾಡಿದ್ದು. ಇಷ್ಟನ್ನು ನಾನು ಕಲಿಯುವ ಹೊತ್ತಿಗೆ ನಮ್ಮ ಕೆಂಚ ಸತ್ತು ಬದುಕಿದ್ದ.

ಕೆಂಚ ನಮ್ಮ ಮನೆಯ ಬೆಕ್ಕು. 9 ವರ್ಷದ ಗಂಡು, ಸಂತಾನಹರಣ ಆಪರೇಷನ್ ಆಗಿದೆ. ಎರಡು ಹೊತ್ತು ಹಾಲನ್ನ, ನಡುನಡುವೆ ಪ್ಯಾಕೆಟ್ಟಿನ ಒಣ ಕಾಳು, ಉಳಿದಂತೆ ನಿದ್ದೆ. ತೂಕ ಹತ್ತಿರ ಹತ್ತಿರ 7 ಕೇಜಿ. ಬಂದವರೆಲ್ಲ "ಎಷ್ಟು ಗುಂಡುಗುಂಡಗಿದಾನೆ" ಅನ್ನುತ್ತಿದ್ದರು, ನಮಗೂ ಒಳಗೊಳಗೇ ಖುಷಿ. ಹೋದ ಮಳೆಗಾಲದಲ್ಲಿ ಬಚ್ಚಲಿನ ಬಕೆಟ್ಟಿಗೆ ತಲೆ ಹಾಕಿ ನೀರು ಕುಡಿಯಲು ಶುರು ಮಾಡಿದ. ಮರಳಿನ ಟ್ರೇ ಕೆಸರುಗದ್ದೆಯಾಯಿತು. ತಿನ್ನುವುದು ಜಾಸ್ತಿ, ಮೈ ಮಾತ್ರ ಇಳಿಯುತ್ತಿತ್ತು. ಹಿಂಗಾಲನ್ನು ಹಿಮ್ಮಡಿಯವರೆಗೂ ನೆಲಕ್ಕೆ ಊರಿ ಮೊಲದ ಹಾಗೆ ನಡೆಯತೊಡಗಿದಾಗ ನನ್ನ ಎದೆ ಧಸಕ್ಕೆಂದಿತು. ಸಕ್ಕರೆ ಏರಿ ನರಗಳಿಗೆ ಪೆಟ್ಟು ಬಿದ್ದರೆ ಬೆಕ್ಕು ಹೀಗೆ ನಡೆಯುತ್ತದೆ ಎಂದು ಡಾಕ್ಟ್ರು ಹೇಳಿದರು.

ಬೆಕ್ಕಿಗೆ ಶುಗರ್ ಅಂದರೆ ಜನ ನಗುತ್ತಾರೆ. ನಗಲಿ ಬಿಡಿ. ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಅಯ್ಯೋ, ದಿನಾ ಎರಡು ಸಲ ಹೇಗ್ರೀ ಚುಚ್ತೀರ?" ಚುಚ್ಚುವುದು ಏನೇನೂ ಕಷ್ಟವಲ್ಲ. ತಿನ್ನುತ್ತಿರುವಾಗ ಪಕ್ಕೆಯ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರೆ ಆಯ್ತು. ಆ ಸೂಜಿ ಕೂದಲೆಳೆಯಷ್ಟು. ಕೆಂಚ ತಟ್ಟೆಯಿಂದ ತಲೆ ಕೂಡ ಎತ್ತುವುದಿಲ್ಲ. ಕಷ್ಟ ಇರುವುದು ಎಷ್ಟು ಚುಚ್ಚಬೇಕು ಅನ್ನುವುದರಲ್ಲಿ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಮೊದಲ ಎರಡು ತಿಂಗಳು ನಾನೂ ಮನೆಯಲ್ಲಿ ಅವನ ರಕ್ತದ ಸಕ್ಕರೆ ಅಳೆಯುತ್ತಿರಲಿಲ್ಲ. ಪಾಪ, ಮೂಕಪ್ರಾಣಿ, ಕಿವಿಗೆ ಬೇರೆ ಚುಚ್ಚಬೇಕಾ ಅಂತ. 15 ದಿನಕ್ಕೊಮ್ಮೆ ಬುಟ್ಟಿಯಲ್ಲಿ ಹಾಕಿಕೊಂಡು ಕ್ಲಿನಿಕ್ಕಿಗೆ ಹೋಗುತ್ತಿದ್ದೆ. ಆಟೋ ಸದ್ದು, ಪಕ್ಕದಲ್ಲಿ ಬೊಗಳುವ ನಾಯಿ, ಗಟ್ಟಿಯಾಗಿ ಹಿಡಿದುಕೊಳ್ಳುವ ಕೈಗಳು. ಅಲ್ಲಿ 380 ಬರುತ್ತಿತ್ತು. ಹೆದರಿದರೆ ಬೆಕ್ಕಿನ ಸಕ್ಕರೆ ಸರ್ರನೆ ಏರುತ್ತದೆ. ಶುಗರ್ ಕಾಯಿಲೆಯೇ ಇಲ್ಲದ ಬೆಕ್ಕಿಗೂ ಕ್ಲಿನಿಕ್ಕಿನಲ್ಲಿ 300 ದಾಟುವುದುಂಟು. ಅದಕ್ಕೇ ಒಳ್ಳೆಯ ಡಾಕ್ಟ್ರು ಮೊದಲ ಸಲ ಫ್ರಕ್ಟೋಸಮೈನ್ ಅನ್ನೋ ಟೆಸ್ಟ್ ಕೂಡ ಮಾಡಿಸುತ್ತಾರೆ. ಹಿಂದಿನ ಎರಡು ಮೂರು ವಾರದಲ್ಲಿ ಸಕ್ಕರೆ ಒಟ್ಟಾರೆ ಹೇಗಿತ್ತು ಅಂತ ಅದರಲ್ಲಿ ಗೊತ್ತಾಗುತ್ತದೆ. ಒಂದು ದಿನ 380 ನೋಡಿ ಡಾಕ್ಟ್ರು ಡೋಸ್ ಏರಿಸಲು ಹೊರಟಿದ್ದರು. ಯಾಕೋ ಮನಸ್ಸು ಒಪ್ಪಲಿಲ್ಲ. "ಒಂದು ವಾರ ಟೈಮ್ ಕೊಡಿ ಸಾರ್, ಮನೇಲೇ ಅಳೆದು ಬರ್ಕೊಂಡು ಬರ್ತೀನಿ" ಅಂದೆ. ಮನೆಯಲ್ಲಿ ಬಂದದ್ದು 190, 210, 175. ಪುಸ್ತಕ ನೋಡಿ ಅವರೇ "ಡೋಸ್ ಹಾಗೇ ಇರಲಿ" ಅಂದರು. ಅವರ ತಪ್ಪೇನಿಲ್ಲ. ಅವರ ಕಣ್ಣ ಮುಂದೆ ಇದ್ದದ್ದು ಹೆದರಿದ ಕೆಂಚ.

ಅಳೆದದ್ದು ಅಮ್ಮನ ಗ್ಲುಕೋಮೀಟರಿನಲ್ಲೇ. ಅಮ್ಮನಿಗೆ 15 ವರ್ಷದಿಂದ ಶುಗರ್. ಆದರೆ ಮನುಷ್ಯರ ಮೀಟರ್ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಸ್ವಲ್ಪ ಕಡಿಮೆ ತೋರಿಸುತ್ತದೆ. ನಮ್ಮ ರಕ್ತದ ಕೆಂಪುಕಣಗಳಲ್ಲೂ ಸಾಕಷ್ಟು ಸಕ್ಕರೆ ಇರುತ್ತದೆ, ಬೆಕ್ಕಿನದು ಹೆಚ್ಚೂಕಡಿಮೆ ಎಲ್ಲ ಪ್ಲಾಸ್ಮಾದಲ್ಲೇ, ಅಂದರೆ ರಕ್ತದ ನೀರಿನಂಥ ಭಾಗದಲ್ಲೇ. ಮೀಟರಿನ ಲೆಕ್ಕ ನಮಗೆ ಅಂತ ಮಾಡಿದ್ದು. ಪ್ರಾಣಿಗಳಿಗೇ ಅಂತ ಮೀಟರ್ ಇದೆ, ಸ್ಟ್ರಿಪ್ ದುಬಾರಿ. ಯಾವುದಾದರೂ ಸರಿ, ಯಾವುದರಲ್ಲಿ ಅಳೆದದ್ದು ಅಂತ ಡಾಕ್ಟ್ರಿಗೆ ಹೇಳಿ. ಇವತ್ತೊಂದು ನಾಳೆಯೊಂದು ಬಳಸಬೇಡಿ.

ಕಿವಿ ಚುಚ್ಚುವುದನ್ನು ಕಲಿಯಲು ನನಗೆ 10 ದಿನ ಹಿಡಿಯಿತು. ಮೊದಲ ದಿನ ಮೂರು ಸ್ಟ್ರಿಪ್ ಹಾಳು, ರಕ್ತ ಬಂದದ್ದು ನನ್ನ ಬೆರಳಲ್ಲಿ. ಕಿವಿ ತಣ್ಣಗಿದ್ದರೆ ರಕ್ತ ಬರುವುದೇ ಇಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಒಂದು ನಿಮಿಷ ಕಿವಿಗೆ ಒತ್ತಬೇಕು. ಆಮೇಲೆ ಕಿವಿ ಒಣಗಿಸಬೇಕು, ಇಲ್ಲದಿದ್ದರೆ ಹನಿ ಹರಡುತ್ತದೆ. ಕಿಟಕಿ ಬೆಳಕಿಗೆ ಹಿಡಿದರೆ ಅಂಚಿನುದ್ದಕ್ಕೂ ಒಂದು ರಕ್ತನಾಳ ಕಾಣುತ್ತದೆ. ಚುಚ್ಚಬೇಕಾದ್ದು ಅದಕ್ಕಲ್ಲ, ಅದಕ್ಕೂ ಕಿವಿಯ ಅಂಚಿಗೂ ನಡುವೆ. ಹಿಂದೆ ಒಂದು ಚೂರು ಹತ್ತಿ ಹಿಡಿದರೆ ನಿಮ್ಮ ಬೆರಳು ಬಚಾವ್. ಸಾಸಿವೆ ಕಾಳಿನಷ್ಟು ರಕ್ತ ಬಂದರೆ ಸಾಕು. ಮುಗಿದ ತಕ್ಷಣ ಬೇಯಿಸಿದ ಕೋಳಿಯ ಚೂರು. ಈಗ ಮೀಟರಿನ ಡಬ್ಬಿ ತೆರೆದ ಸದ್ದಿಗೇ ಓಡಿ ಬರುತ್ತಾನೆ. ನಮ್ಮದು ಸಸ್ಯಾಹಾರಿ ಮನೆ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಕೋಳಿ ಬೇಯುವುದು ಹಿತ್ತಲ ಒಲೆಯಲ್ಲಿ, ಅಮ್ಮ ಆ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ "ಅವನಿಗಾಯ್ತಾ?" ಅಂತ ಕೇಳದೆ ಊಟಕ್ಕೆ ಕೂರುವುದಿಲ್ಲ.

ಇನ್ನು ಆ ರಾತ್ರಿಯ ಕತೆ. ಅಮ್ಮನ ಇನ್ಸುಲಿನ್ 40ರ ಬಾಟಲಿ, ಸಿರಿಂಜ್ ಕೆಂಪು ಮುಚ್ಚಳದ್ದು. ಕೆಂಚನದು ಗ್ಲಾರ್ಜಿನ್ ಅನ್ನೋ ಇನ್ಸುಲಿನ್, 100ರ ಬಾಟಲಿ. ಅವನ ಸಿರಿಂಜ್ ಖಾಲಿಯಾಗಿತ್ತು. ಒಂದು ಯುನಿಟ್ ತಾನೇ ಅಂತ ಅಮ್ಮನ ಸಿರಿಂಜಿನಲ್ಲಿ ಒಂದು ಗೆರೆಯವರೆಗೆ ಎಳೆದೆ. 40ರ ಸಿರಿಂಜಿನ ಒಂದು ಯುನಿಟ್ ಜಾಗದಲ್ಲಿ 100ರ ಔಷಧಿ ಎರಡೂವರೆ ಯುನಿಟ್ ಹಿಡಿಯುತ್ತದೆ. ಸಂಜೆ 8ಕ್ಕೆ ಚುಚ್ಚಿದ್ದು. ರಾತ್ರಿ ಒಂದು ಗಂಟೆಗೆ ಏನೋ ಬಿದ್ದ ಸದ್ದು. ಎದ್ದು ನೋಡಿದರೆ ಕುಡಿದವನ ಹಾಗೆ ತೂರಾಡುತ್ತಾ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದಾನೆ. ಮೀಟರ್ 38 ತೋರಿಸಿತು. ಒಸಡಿಗೆ ಜೇನುತುಪ್ಪ ಸವರಿದೆ. ಸ್ವಲ್ಪ ಚೇತರಿಸಿದ ಮೇಲೆ ಊಟ ಇಟ್ಟೆ, ಡಾಕ್ಟ್ರಿಗೆ ಫೋನ್ ಮಾಡಿದೆ. ಗ್ಲಾರ್ಜಿನ್ ಗಂಟೆಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ, ಒಂದು ಸಲ ಸುಧಾರಿಸಿದ ಅಂತ ಮಲಗುವ ಹಾಗಿಲ್ಲ. ಬೆಳಗಾಗುವವರೆಗೆ ಅರ್ಧ ಗಂಟೆಗೊಮ್ಮೆ ಅಳೆದೆ. ಫಿಟ್ಸ್ ಬಂದಿದ್ದರೆ ಬಾಯಿಗೆ ಏನೂ ಸುರಿಯಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಒಸಡಿಗೆ ಸವರಿ, ಎತ್ತಿಕೊಂಡು ಓಡಬೇಕು. ಲಕ್ಷಣ ಕಂಡರೆ ಮೀಟರ್ ಹುಡುಕುತ್ತಾ ಕೂರಲೂ ಬೇಡಿ, ಮೊದಲು ಜೇನು.

ಅವತ್ತಿನಿಂದ ಫ್ರಿಜ್ಜಿನಲ್ಲಿ ಅಮ್ಮನದು ಮೇಲಿನ ಶೆಲ್ಫಿನಲ್ಲಿ, ಕೆಂಚನದು ಕೆಳಗಿನ ಡಬ್ಬಿಯಲ್ಲಿ. ಇನ್ನೊಂದು ಪಾಠ. ಚುಚ್ಚಿದೆನೋ ಇಲ್ಲವೋ ಮರೆತುಹೋದರೆ, ಔಷಧಿ ಕೂದಲ ಮೇಲೆ ಚೆಲ್ಲಿತೇನೋ ಅನ್ನಿಸಿದರೆ, ಮತ್ತೆ ಚುಚ್ಚಬೇಡಿ. ಒಂದು ಡೋಸ್ ತಪ್ಪಿದರೆ ಸಕ್ಕರೆ ಒಂದು ದಿನ ಜಾಸ್ತಿ ಇರುತ್ತದೆ, ಅಷ್ಟೇ. ಎರಡು ಸಲ ಬಿದ್ದರೆ ಜೀವಕ್ಕೇ ಕುತ್ತು. ಊಟ ಬಿಟ್ಟ ದಿನವೂ ಹಾಗೇ, ಎಂದಿನ ಡೋಸ್ ಹಾಕುವ ಮೊದಲು ಡಾಕ್ಟ್ರನ್ನು ಕೇಳಿ.

"ಡೋಸ್ ಸೆಟ್ ಆಗಿದೆ, ಈಗ ಯಾಕೆ ಅಳೆಯೋದು?" ಅನ್ನುವವರ ಹತ್ತಿರ ನನಗೆ ಜಗಳವೇ ಇದೆ. ಬೇಗ ಇನ್ಸುಲಿನ್ ಶುರು ಮಾಡಿ, ಹಾಲನ್ನ, ಒಣ ಕಾಳು ಬಿಡಿಸಿ ಮಾಂಸದ ಊಟಕ್ಕೆ ತಂದರೆ ಎಷ್ಟೋ ಬೆಕ್ಕುಗಳಿಗೆ ಇನ್ಸುಲಿನ್ನೇ ಬೇಡವಾಗುತ್ತದೆ. ಅದು ಒಳ್ಳೆಯ ಸುದ್ದಿ ತಾನೇ? ಆದರೆ ಒಳಗೊಳಗೇ ಮೈ ಸುಧಾರಿಸುತ್ತಾ ಬಂದಾಗ ಬೆಕ್ಕು ನಿಮಗೆ ಹೇಳುವುದಿಲ್ಲ. ಹೋದ ತಿಂಗಳು ಸರಿಯಾಗಿದ್ದ ಒಂದು ಯುನಿಟ್ ಈ ತಿಂಗಳು ವಿಷ. ಹಾಗಂತ ಒಂದು ದಿನದ ನಂಬರ್ ನೋಡಿ ನೀವೇ ಏರಿಸಿ ಇಳಿಸಬೇಡಿ. ಭಾನುವಾರ ಒಂದು ದಿನ ಕೂತು ಎರಡು ಗಂಟೆಗೊಮ್ಮೆ, 12 ಗಂಟೆಯವರೆಗೆ ಅಳೆದು ಬರೆದುಕೊಂಡರೆ ಸಕ್ಕರೆ ಎಲ್ಲಿಯವರೆಗೆ ಇಳಿಯುತ್ತದೆ ಅಂತ ಗೊತ್ತಾಗುತ್ತದೆ. ಡೋಸ್ ಕೂರುವುದು ಆ ತಳದ ನಂಬರಿನ ಮೇಲೆ. ನಮ್ಮ ಭಾನುವಾರದ ಪಟ್ಟಿ ನೋಡಿಯೇ ಡಾಕ್ಟ್ರು ಒಂದರಿಂದ ಅರ್ಧ ಯುನಿಟ್ಟಿಗೆ ಇಳಿಸಿದ್ದು.

ಪುಸ್ತಕದಲ್ಲಿ ಈಗ ಎರಡು ಕಾಲಂ ಇದೆ. ಕೆಂಚನದು ಮುಗಿದ ಮೇಲೆ ಅಮ್ಮನೂ ಬೆರಳು ಚಾಚುತ್ತಾರೆ. ಮೊದಲು ತಿಂಗಳಿಗೊಮ್ಮೆಯೂ ನೋಡಿಕೊಳ್ಳುತ್ತಿರಲಿಲ್ಲ. ಯುಗಾದಿಯ ಮಾರನೇ ದಿನ ಕೆಂಚ 124, ಅಮ್ಮ 261. "ಒಂದೇ ಒಂದು ಒಬ್ಬಟ್ಟು ಕಣೇ" ಅಂದರು. ಕೆಂಚ ಕೋಳಿ ಚೂರಿಗೆ ಕಾಯುತ್ತಾ ಇಬ್ಬರನ್ನೂ ನೋಡುತ್ತಿದ್ದ.