ಗಾಲಿ ಮನೆಗೆ ಹಿತ್ತಲಲ್ಲಿ ಜಾಗ ಕೊಡಬೇಕಾ?

ಪ್ರಶ್ನೆ: ಅಮೆರಿಕದಲ್ಲಿ ಟೈನಿ ಹೋಮ್, ಅಂದರೆ ಗಾಲಿ ಮೇಲೆ ಕೂರಿಸಿದ ಪುಟ್ಟ ಮನೆ, ಕೊಂಡವರು ಅದನ್ನು ಮಾಮೂಲಿ ವಸತಿ ಬೀದಿಯಲ್ಲಿ, ಯಾರದ್ದಾದರೂ ಹಿತ್ತಲಲ್ಲೋ ಡ್ರೈವ್‌ವೇಯಲ್ಲೋ ನಿಲ್ಲಿಸಿಕೊಂಡು ವರ್ಷವಿಡೀ ವಾಸಿಸಲು ಝೋನಿಂಗ್ ನಿಯಮಗಳು (ಯಾವ ಜಾಗದಲ್ಲಿ ಏನಿರಬಹುದು ಎಂದು ಊರು ಹಾಕುವ ಕಟ್ಟಳೆ) ಬಿಡಬೇಕೇ?

ಪರ: ಕಾರಿಗಿರುವ ಜಾಗ ಮನುಷ್ಯನಿಗೆ ಯಾಕಿಲ್ಲ?

ಮೊದಲೇ ಹೇಳಿಬಿಡುತ್ತೇನೆ, ನಾನಿರುವುದು ನಾಲ್ಕು ಬೆಡ್‌ರೂಮಿನ ಮನೆಯಲ್ಲಿ. ಎರಡು ಕಾರು ಹಿಡಿಸುವ ಗ್ಯಾರೇಜಿದೆ. ಅದರೊಳಗೆ ಕಾರಿಲ್ಲ. ರಟ್ಟಿನ ಡಬ್ಬಗಳು, ಯಾರೂ ಓಡದ ಟ್ರೆಡ್‌ಮಿಲ್, ಮಗಳಿಗೆ ಚಿಕ್ಕದಾದ ಸೈಕಲ್ಲು ಇವೆ. ಕಾರುಗಳು ಹೊರಗೆ ಡ್ರೈವ್‌ವೇಯಲ್ಲಿ ನೆನೆಯುತ್ತವೆ. ಟೈನಿ ಹೋಮ್‌ನಲ್ಲಿ ನಾನು ಒಂದು ರಾತ್ರಿಯೂ ಮಲಗಿದವನಲ್ಲ. "ನಿಮಗೆ ಪರ ಬರೆಯೋಕೆ ಯಾರು ಹೇಳಿದ್ದು?" ಎಂದು ಹೆಂಡತಿ ನಕ್ಕಳು. ಕೇಳಿದರು, ಒಪ್ಪಿಕೊಂಡೆ. ಪೂರ್ತಿ ನಂಬಿಕೆ ಇದೆಯಾ ಅಂದರೆ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಇದೆ.

ಆದರೆ ಒಂದು ಲೆಕ್ಕ ಮಾತ್ರ ತಲೆಯಿಂದ ಇಳಿಯುತ್ತಿಲ್ಲ. ಮೊನ್ನೆ ಭಾನುವಾರ ಟೇಪು ಹಿಡಿದು ನಮ್ಮ ಡ್ರೈವ್‌ವೇ ಅಳೆದೆ. ಒಂದು ಕಾರು ನಿಲ್ಲಲು ಇಲ್ಲಿ ಸಾಮಾನ್ಯವಾಗಿ ಹಿಡಿಯುವ ಅಳತೆ 9 ಅಡಿ ಅಗಲ, 18 ಅಡಿ ಉದ್ದ. ನಮ್ಮದು ಉದ್ದನೆಯ ಡ್ರೈವ್‌ವೇ, ಒಂದರ ಹಿಂದೆ ಒಂದು ನಿಲ್ಲಿಸುತ್ತೇವೆ, ಅಂದರೆ ಉದ್ದ 36 ಅಡಿ. ಗಾಲಿ ಮೇಲಿನ ಮನೆ ವಿಶೇಷ ಪರ್ಮಿಟ್ ಇಲ್ಲದೆ ರಸ್ತೆಗಿಳಿಯಬೇಕಾದರೆ ಎಂಟೂವರೆ ಅಡಿಗಿಂತ ಅಗಲ ಇರಬಾರದು. 24 ಅಡಿ ಉದ್ದದ್ದು ಅಂದುಕೊಳ್ಳಿ. ನನ್ನ ಎರಡು ಕಾರು ಮಲಗುವ ಜಾಗದಲ್ಲಿ ಒಂದು ಮನೆ ಸರಾಗವಾಗಿ ಕೂರುತ್ತದೆ, ಮುಂದೆ ಮೆಟ್ಟಿಲಿಗೂ ಎರಡು ಹೂಕುಂಡಕ್ಕೂ ಜಾಗ ಮಿಗುತ್ತದೆ. ಕಾರು ನಿಲ್ಲಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಅದೇ ಜಾಗದಲ್ಲಿ ಒಬ್ಬ ನರ್ಸೋ ಕಾಲೇಜು ಹುಡುಗನೋ ಗಾಲಿ ಮನೆ ನಿಲ್ಲಿಸಿ ಮಲಗಿದರೆ ಊರಿನ ಪತ್ರ ಬರುತ್ತದೆ.

ಬರೀ ಬಿಡುವುದಲ್ಲ, ಇಷ್ಟು ಕಾರಿಗೆ ಜಾಗ ಇಟ್ಟರೇನೇ ಮನೆಗೆ ಪರ್ಮಿಟ್ ಎಂದು ಎಷ್ಟೋ ಊರುಗಳು ದಶಕಗಟ್ಟಲೆ ಹಟ ಹಿಡಿದಿದ್ದವು. ಬಫಲೋ 2017ರಲ್ಲಿ ಆ ಹಟ ಬಿಟ್ಟಿತು, ಮಿನ್ನಿಯಾಪೊಲಿಸ್ 2021ರಲ್ಲಿ. ಊರು ಮುಳುಗಲಿಲ್ಲ.

ಈ ಮಡಿ ಎಲ್ಲಿಂದ ಬಂತು ಅಂದರೆ ತುಂಬ ಹಿಂದಿನಿಂದ. ಒಹಾಯೋದ ಯೂಕ್ಲಿಡ್ ಎಂಬ ಊರಿನ ಕೇಸು 1926ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಇಲ್ಲಿ ಒಂಟಿ ಮನೆ, ಅಲ್ಲಿ ಅಂಗಡಿ, ಆಚೆ ಕಾರ್ಖಾನೆ ಎಂದು ಊರು ಗೆರೆ ಎಳೆಯಬಹುದು ಎಂದು ಕೋರ್ಟು ಒಪ್ಪಿತು. ಒಳ್ಳೆಯ ವಸ್ತುವೂ ತಪ್ಪು ಜಾಗದಲ್ಲಿದ್ದರೆ ಕಾಟವೇ, ದೊಡ್ಡಿಯಲ್ಲಿರಬೇಕಾದ ಹಂದಿ ಪಡಸಾಲೆಗೆ ಬಂದ ಹಾಗೆ, ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಅಷ್ಟೇ ಅಲ್ಲ, ಒಂಟಿ ಮನೆಗಳ ಬೀದಿಗೆ ಬರುವ ಅಪಾರ್ಟ್‌ಮೆಂಟನ್ನು ಬಂದಳಿಕೆ ಅಂತಲೂ ಕರೆದರು. ಹೆಚ್ಚೂಕಡಿಮೆ ನೂರು ವರ್ಷ ಆಯಿತು. ಅಂದು ಅಪಾರ್ಟ್‌ಮೆಂಟು ಹಂದಿ, ಇಂದು ಗಾಲಿ ಮನೆ ಹಂದಿ.

ಬಿಟ್ಟು ನೋಡಿದ ಊರುಗಳೂ ಇವೆ. ಟೆಕ್ಸಸ್‌ನ ಸ್ಪರ್ ಎಂಬ ಪುಟ್ಟ ಊರು 2014ರಲ್ಲೇ ಟೈನಿ ಹೋಮ್‌ನವರೇ ಬನ್ನಿ ಎಂದು ಕರೆಯಿತು. ಕ್ಯಾಲಿಫೋರ್ನಿಯಾದ ಫ್ರೆಸ್ನೊ 2016ರಲ್ಲಿ ಹಿತ್ತಲ ಮನೆಯ ಲೆಕ್ಕಕ್ಕೆ ಗಾಲಿ ಮನೆಯನ್ನೂ ಸೇರಿಸಿತು. 2019ರ ಕೊನೆಗೆ ಲಾಸ್ ಏಂಜಲೀಸ್, 2021ರಲ್ಲಿ ಪೋರ್ಟ್‌ಲ್ಯಾಂಡ್. ನಿಲ್ಲಿಸಲು ಜಾಗ ಸಿಗದೆ, ಮಲಗುವ ಸೌಕರ್ಯದ ಪ್ರವಾಸಿ ವಾಹನಗಳಿಗೆ (ಆರ್‌ವಿ) ಬಾಡಿಗೆಗೆ ಜಾಗ ಕೊಡುವ ಆರ್‌ವಿ ಪಾರ್ಕಿನಿಂದ ಆರ್‌ವಿ ಪಾರ್ಕಿಗೆ ಅಲೆಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದಿದೆ?

ಕಕ್ಕಸಿನದು ಎಲ್ಲಿಗೆ ಹೋಗುತ್ತೆ ಎಂದು ಒಬ್ಬರು ಕೇಳಿಯೇ ಕೇಳುತ್ತಾರೆ. ಪೈಪಿನಲ್ಲಿ ಹೋಗುತ್ತೆ ಸ್ವಾಮಿ. ಅದನ್ನು ಎಂಜಿನಿಯರುಗಳು ನೋಡಿಕೊಳ್ಳಲಿ. ನಮ್ಮ ಮನೆ ಬೆಲೆ ಬಿದ್ದುಹೋಗುತ್ತೆ ಎನ್ನುವವರು ಇನ್ನೊಂದು ಜಾತಿ. ಅವರಿಗೆ ಎದುರು ಮನೆಯವರ ಹುಲ್ಲು ಎರಡಿಂಚು ಉದ್ದವಾದರೂ ಬೆಲೆ ಬೀಳುತ್ತದೆ.

ಕೊನೆಗೆ ಒಂದು ತಪ್ಪೊಪ್ಪಿಗೆ. ನಮ್ಮ ಊರು ನಾಳೆ ಗಾಲಿ ಮನೆಗೆ ಹೂಂ ಅಂದರೂ ನಮ್ಮ ಬಡಾವಣೆಯ ಅಸೋಸಿಯೇಶನ್ ಬೇಡ ಅನ್ನುತ್ತದೆ, ನಿಯಮಾವಳಿಯಲ್ಲಿ ಬರೆದೇ ಇದೆ. ಬದಲಾಯಿಸಿ ಎಂದು ಸಭೆಯಲ್ಲಿ ಕೈ ಎತ್ತಿದ್ದೀಯಾ ಎಂದರೆ ಇಲ್ಲ. ಸಭೆ ಇರುವುದು ಗುರುವಾರ ಸಂಜೆ, ಅವತ್ತು ಮಗಳ ಈಜು ಕ್ಲಾಸು.

ವಿರೋಧ: ಮನೆ ನನ್ನದು, ನೆಲ ಯಾರದು?

ಪರ ಬರೆಯುವವರು ಏನು ಬರೆದಿದ್ದಾರೋ ನಾನು ನೋಡಿಲ್ಲ. ಆದರೆ ಕಾರಿಗೆ ಜಾಗ ಇದೆ, ಮನುಷ್ಯನಿಗಿಲ್ಲ ಎಂದು ಬರೆದಿರುತ್ತಾರೆ, ಬೇಕಾದರೆ ಪಂಥ ಕಟ್ಟುತ್ತೇನೆ. ಎಲ್ಲರೂ ಅದನ್ನೇ ಹೇಳುತ್ತಾರೆ. ಕಾರು ಸ್ನಾನ ಮಾಡುವುದಿಲ್ಲ ಕಣ್ರೀ. ಕಾರು ಪಾತ್ರೆ ತೊಳೆಯುವುದಿಲ್ಲ, ಜನವರಿಯ ರಾತ್ರಿ ಹೀಟರ್ ಹಾಕಿಕೊಂಡು ಮಲಗುವುದಿಲ್ಲ.

ನಾನು ಗಾಲಿ ಮನೆಯಲ್ಲಿ ಮೂರು ವರ್ಷ ಇದ್ದವಳು. 26 ಅಡಿ ಉದ್ದ, ದೇವದಾರು ಹಲಗೆಯ ಗೋಡೆ, ಮೇಲೆ ಮಲಗಲು ಅಟ್ಟ. ಕೈಯಿಂದ ಮಾಡಿಸಿದ್ದು, ತುಂಬ ಚೆನ್ನಾಗಿತ್ತು. ಅಡುಗೆ ಕಟ್ಟೆಯ ಕೆಳಗೆ ಎಳೆಯುವ ಒಂದು ಹಲಗೆ ಇತ್ತು, ಎಳೆದರೆ ಊಟದ ಮೇಜು, ತಳ್ಳಿದರೆ ಮಾಯ. ಬಂದವರೆಲ್ಲ ಅದನ್ನು ನಾಲ್ಕು ಸಲ ಎಳೆದು ತಳ್ಳುತ್ತಿದ್ದರು. ಕೊಳ್ಳುವಾಗ ಕಟ್ಟಿದವನನ್ನು ಕೇಳಿದೆ, ಎಲ್ಲಿ ನಿಲ್ಲಿಸೋದು? "ಜಾಗ ಸಿಗುತ್ತೆ ಬಿಡಿ" ಅಂದ. ನಂಬಿದೆ. ಮನೆಯ ಹಲಗೆಗೆ ಯಾವ ಬಣ್ಣ ಎಂದು ಮೂರು ವಾರ ಯೋಚಿಸಿದವಳು ಈ ಪ್ರಶ್ನೆಗೆ ಮೂರು ನಿಮಿಷ ಕೊಡಲಿಲ್ಲ.

ಮೊದಲು ಸಿಕ್ಕಿದ್ದು ಆಫೀಸಿನ ಪರಿಚಯದವರ ಹಿತ್ತಲು. ತಿಂಗಳಿಗೆ 600 ಡಾಲರ್, ಕೈಯಿಂದ ಕೈಗೆ, ಬರವಣಿಗೆ ಏನೂ ಇಲ್ಲ. ಅವರ ಬಟ್ಟೆ ಒಣಗಿಸುವ ಮಿಷನ್ನಿನ ಪ್ಲಗ್ಗಿನಿಂದ ಕಿಟಕಿಯ ಮೂಲಕ ದಪ್ಪ ವೈರು ಎಳೆದು ನನಗೆ ಕರೆಂಟು. ಅವರು ಬಟ್ಟೆ ಒಣಗಿಸುವ ದಿನ ನನಗೆ ಕತ್ತಲೆ. ನೀರಿಗೆ ತೋಟದ ಪೈಪು, ಅದು ಡಿಸೆಂಬರಿನಲ್ಲಿ ಹೆಪ್ಪುಗಟ್ಟಿ ಮೊಸಳೆಯ ಹಾಗೆ ಬಿದ್ದಿರುತ್ತಿತ್ತು. ಶೌಚಕ್ಕೆ ಮರದ ಪುಡಿ ಹಾಕುವ ಕಾಂಪೋಸ್ಟ್ ಟಾಯ್ಲೆಟ್ಟು. ಸ್ನಾನದ, ಪಾತ್ರೆಯ ನೀರು ಮಾತ್ರ ಒಂದು ಕೊಳವೆಯಲ್ಲಿ ಬೇಲಿ ಪಕ್ಕದ ಗುಂಡಿಗೆ. ಬರೀ ಸೋಪು ನೀರಲ್ವಾ, ಗಿಡಕ್ಕೆ ಒಳ್ಳೇದು ಅಂದುಕೊಂಡಿದ್ದೆ.

ಎಂಟನೇ ತಿಂಗಳಿಗೆ ಊರಿನ ಪತ್ರ ಬಂತು. 30 ದಿನದೊಳಗೆ ತೆಗೆಯಿರಿ. ಪಕ್ಕದ ಮನೆಯ ಅಜ್ಜಿ ದೂರು ಕೊಟ್ಟಿದ್ದರು. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಅವರ ಬಾಗಿಲು ಬಡಿದು ನಿಮಗೇನು ತೊಂದರೆ ಮಾಡಿದ್ದೆ ಎಂದು ಕೇಳಿದೆ. ಅಜ್ಜಿ ಜಗಳ ಆಡಲಿಲ್ಲ. ಒಳಗೆ ಕರೆದು ನಲ್ಲಿ ತಿರುಗಿಸಿ ಒಂದು ಲೋಟ ನೀರು ಕೊಟ್ಟರು. "ಇದು ಬಾವಿ ನೀರು. ಬಾವಿ ಎಲ್ಲಿದೆ ಗೊತ್ತಾ?" ಎಂದು ಕಿಟಕಿಯಿಂದ ತೋರಿಸಿದರು. ಬೇಲಿಯ ಆ ಕಡೆ, ನನ್ನ ಗುಂಡಿಯಿಂದ ಹತ್ತು ಹನ್ನೆರಡು ಹೆಜ್ಜೆ. ಆ ಲೋಟ ಕೈಯಲ್ಲೇ ಉಳಿಯಿತು. ಕುಡಿಯೋಕೂ ಆಗಲಿಲ್ಲ, ಇಡೋಕೂ ಆಗಲಿಲ್ಲ.

ಅಲ್ಲಿಂದ ಆರ್‌ವಿ ಪಾರ್ಕು. ಮೊದಲ ಪಾರ್ಕಿನವರು ಬಾಗಿಲ ಪಕ್ಕ ಸ್ಟಿಕ್ಕರ್ ಹುಡುಕಿದರು. ಆರ್‌ವಿ ತಯಾರಕರ ಸಂಘದ ಮುದ್ರೆ ಇಲ್ಲದ್ದನ್ನು ಒಳಗೆ ಬಿಡಲ್ಲ ಅಂದರು. ಕೈಯಿಂದ ಮಾಡಿಸಿದ್ದಕ್ಕೆ ಎಲ್ಲಿಯ ಮುದ್ರೆ? ಎರಡನೆಯವರು ವಾರಗಟ್ಟಲೆ ಮಾತ್ರ ಕೊಡುತ್ತೇವೆ ಅಂದರು. ಸರ್ಕಾರಿ ಬಯಲಲ್ಲಿ ಬಿಟ್ಟಿ ಇರಬಹುದಲ್ಲ ಎಂದು ಒಬ್ಬ ಮಹಾಶಯರು ಸಲಹೆ ಕೊಟ್ಟರು. ಇರಬಹುದು, ಪಶ್ಚಿಮ ರಾಜ್ಯಗಳಲ್ಲಿ ಫೆಡರಲ್ ಸರ್ಕಾರದ ಭೂ ಇಲಾಖೆಯಾದ ಬಿಎಲ್‌ಎಂ ಜಮೀನಿನಲ್ಲಿ ಸಾಮಾನ್ಯವಾಗಿ 28 ದಿನಕ್ಕೆ 14 ದಿನ. ಹದಿನೈದನೇ ದಿನ ಕೆಲಸಕ್ಕೆ ಎಲ್ಲಿಂದ ಹೋಗೋದು?

ಮೂರನೇ ಪಾರ್ಕು ಹೆದ್ದಾರಿ ಪಕ್ಕ, ಸೇರಿಸಿಕೊಂಡರು. ಎರಡು ವರ್ಷದಲ್ಲಿ ಮೂರು ಸಲ ಬಾಡಿಗೆ ಏರಿಸಿದರು. ಇಷ್ಟ ಇಲ್ಲದಿದ್ದರೆ ಹೋಗಿ, ಗಾಲಿ ಇದೆಯಲ್ಲ ಎಂದರು. ಮನೆಯ ತೂಕ ಹನ್ನೆರಡು ಸಾವಿರ ಪೌಂಡು, ಸಾಮಾನ್ಯ ಪಿಕಪ್ ಎಳೆಯುವುದಿಲ್ಲ. ದೊಡ್ಡ ಟ್ರಕ್ಕು ಗೊತ್ತು ಮಾಡಬೇಕು, ಸೇತುವೆಯ ಎತ್ತರ ನೋಡಬೇಕು, ಟೈರುಗಳು ನಿಂತಲ್ಲೇ ಬಿರುಕು ಬಿಟ್ಟಿರುತ್ತವೆ. ಅದು ಹೋಗುವ ಮನೆ ಅಲ್ಲ. ಓಡಿಸಲು ಸುಲಭ ಅಷ್ಟೇ, ಮನೆಯನ್ನಲ್ಲ, ನನ್ನನ್ನು.

ಇದನ್ನೇ ನಾನು ಹೇಳಬೇಕೆಂದಿರುವುದು. ಹಿತ್ತಲಿಗೆ ಗಾಲಿ ಮನೆ ಬಿಡಿ ಎನ್ನುವವರು ಪುಟ್ಟ ಮನೆಗೆ ದಾರಿ ಮಾಡುತ್ತಿದ್ದೇವೆ ಅಂದುಕೊಂಡಿದ್ದಾರೆ. ಪುಟ್ಟ ಮನೆಗೆ ದಾರಿ ಬೇರೆಯೇ ಇದೆ. ಮನೆ ಕಟ್ಟುವ ಮಾದರಿ ಕೋಡಿಗೆ 2018ರ ಆವೃತ್ತಿಯಲ್ಲಿ ಅಪೆಂಡಿಕ್ಸ್ ಕ್ಯೂ ಎಂಬ ಅನುಬಂಧ ಸೇರಿಸಿದ್ದಾರೆ. ಅಟ್ಟ ಬಿಟ್ಟು 400 ಚದರ ಅಡಿಯವರೆಗಿನ ಮನೆಗೆ. ಛಾವಣಿ 6 ಅಡಿ 8 ಇಂಚು ಇದ್ದರೆ ಸಾಕು, ಅಟ್ಟಕ್ಕೆ ಏಣಿ ಆಗುತ್ತದೆ, ಆದರೆ ಬೆಂಕಿ ಬಿದ್ದರೆ ಅಟ್ಟದಿಂದ ಹೊರಗೆ ಬೀಳುವಷ್ಟು ದೊಡ್ಡ ಕಿಟಕಿ ಇರಲೇಬೇಕು. ನನ್ನ ಅಟ್ಟದ ಕಿಟಕಿಯಲ್ಲಿ ಬೆಕ್ಕು ಹೋಗುತ್ತಿತ್ತು. ನಿಮ್ಮ ಊರು ಆ ಅಪೆಂಡಿಕ್ಸನ್ನು ಒಪ್ಪಿಕೊಂಡಿರಬೇಕು, ತಾನಾಗಿ ಲಾಗೂ ಆಗುವುದಿಲ್ಲ. ಕೂಗಾಡುವುದಿದ್ದರೆ ಅದಕ್ಕೆ ಕೂಗಾಡಿ. ಪಾಯದ ಮೇಲೆ, ಚರಂಡಿಗೆ ಸೇರಿಸಿ, ನೆಲದ ಮೇಲೆ ಹಕ್ಕು ಇಟ್ಟುಕೊಂಡು 250 ಚದರ ಅಡಿಯ ಮನೆ ಕಟ್ಟಿ, ಸಭೆಗೆ ಬಂದು ನಾನೇ ಮೊದಲು ಕೈ ಎತ್ತುತ್ತೇನೆ.

ಗಾಲಿ ಹಾಕಿದ ತಕ್ಷಣ ಅದು ಮನೆ ಎಂಬ ಲೆಕ್ಕವೇ ತಪ್ಪುತ್ತದೆ, ಸಾಮಾನ್ಯವಾಗಿ ಆರ್‌ವಿ ಲೆಕ್ಕಕ್ಕೆ ಬೀಳುತ್ತದೆ. ಕಾರ್ಖಾನೆಯಲ್ಲಿ ಮಾಡಿ ತರುವ ಮನೆಗಳಿಗೆ 1976ರಿಂದ ಫೆಡರಲ್ ಕೋಡ್ ಇದೆ. ಆರ್‌ವಿಗೆ ಅದು ಲಾಗೂ ಇಲ್ಲ, ಯಾಕೆಂದರೆ ಆರ್‌ವಿ ಅಂದರೆ ಕಾನೂನಿನ ಭಾಷೆಯಲ್ಲೇ ಕಾಯಂ ವಾಸಕ್ಕಲ್ಲ, ಪ್ರವಾಸಕ್ಕೆ, ಬಿಡಾರಕ್ಕೆ, ಸೀಸನ್ನಿಗೆ. 2005ರ ಕತ್ರಿನಾ ಚಂಡಮಾರುತದ ನಂತರ ಮನೆ ಕಳಕೊಂಡವರನ್ನು ಇಂಥ ಪ್ರವಾಸಿ ಟ್ರೇಲರುಗಳಲ್ಲೇ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇರಿಸಿದರು. ಕಣ್ಣುರಿ, ಉಸಿರಾಟದ ತೊಂದರೆ ಎಂದು ಜನ ಬಾಯಿ ಬಡಿದುಕೊಂಡರು. ಫಾರ್ಮಾಲ್ಡಿಹೈಡ್ ಮಾಮೂಲಿ ಮನೆಗಳಿಗಿಂತ ಜಾಸ್ತಿ ಇದೆ ಎಂದು ಆರೋಗ್ಯ ಇಲಾಖೆಯವರು ಅಳೆದು ಹೇಳುವ ಹೊತ್ತಿಗೆ 2008 ಬಂದಿತ್ತು. ರಜೆಗೆ ನಾಲ್ಕು ದಿನ ಮಲಗುವ ಪೆಟ್ಟಿಗೆಯಲ್ಲಿ ಸಂಸಾರ ಹೂಡಿದರೆ ಹೀಗಾಗುತ್ತದೆ.

ಪೋರ್ಟ್‌ಲ್ಯಾಂಡಿನಲ್ಲಿ ಬಿಟ್ಟಿದ್ದಾರಲ್ಲ ಎನ್ನುತ್ತಾರೆ. ಪೋರ್ಟ್‌ಲ್ಯಾಂಡಿನವರು ಏನೇನೋ ಮಾಡುತ್ತಾರೆ. ನಾನು ಕೇಳುವುದು ಒಂದೇ. ಹಿತ್ತಲಿನ ಯಜಮಾನ ನಾಳೆ ಬೆಳಿಗ್ಗೆ ಹೋಗಮ್ಮ ಅಂದರೆ ನಿಮ್ಮ ಕೈಯಲ್ಲಿ ಯಾವ ಕಾಗದ ಇದೆ? ಮನೆ ಸಾಲ ಅಂತ ಬ್ಯಾಂಕಿನವರು ಕೊಡಲ್ಲ, ವಾಹನದ ಸಾಲದ ಹಾಗೆ ಜಾಸ್ತಿ ಬಡ್ಡಿಗೆ ಕೊಡುತ್ತಾರೆ. ಬೆಲೆ ಏರುವುದು ನೆಲದ್ದು, ಇಳಿಯುವುದು ಪೆಟ್ಟಿಗೆಯದ್ದು. ಏರುವುದು ಇನ್ನೊಬ್ಬರ ಹೆಸರಲ್ಲಿ, ಇಳಿಯುವುದು ನಿಮ್ಮ ಹೆಸರಲ್ಲಿ. ಇದಕ್ಕೆ ಸಹಾಯ ಅಂತ ಹೆಸರು!

ಕಳೆದ ವಸಂತದಲ್ಲಿ ಮಾರಿದೆ, ಕೊಟ್ಟಿದ್ದರ ಅರ್ಧಕ್ಕಿಂತ ಕಡಿಮೆಗೆ. ಕೊಳ್ಳಲು ಬಂದದ್ದು ಹೊಸದಾಗಿ ಮದುವೆಯಾದ ಜೋಡಿ. ಹುಡುಗ ಟೇಪು ಹಿಡಿದು ಫ್ರಿಜ್ಜು ಅಳೆದ, ಅಟ್ಟ ಅಳೆದ, ಶವರಿನಲ್ಲಿ ಭುಜ ತಿರುಗುತ್ತಾ ನೋಡಿದ. ಹುಡುಗಿ ಆ ಹಲಗೆಯನ್ನು ನಾಲ್ಕು ಸಲ ಎಳೆದು ತಳ್ಳಿದಳು. ಎಲ್ಲಿ ನಿಲ್ಲಿಸ್ತೀರಿ ಎಂದು ಕೇಳಿದೆ. "ಅವಳ ಸ್ನೇಹಿತೆಯ ಹಿತ್ತಲಿದೆ, ಆಗುತ್ತೆ ಬಿಡಿ" ಅಂದ. ಊರಿನ ಪ್ಲಾನಿಂಗ್ ಆಫೀಸಿಗೆ ಒಂದು ಫೋನ್ ಮಾಡಿ ಕೇಳಿದ್ದೀರಾ ಎನ್ನಬೇಕು ಅಂತ ಬಾಯಿ ತೆರೆದೆ. ಹುಡುಗಿ ಚೆಕ್ ಪುಸ್ತಕ ತೆಗೆಯುತ್ತಿದ್ದಳು. ಕೇಳಲಿಲ್ಲ.